ಟಚಿಂಗ್ ಅಕ್ಕ

ಹೋದ ತಿಂಗಳು ಅರಸೀಕೆರೆಯಿಂದ ಫೋನ್ ಬಂತು. ಮಾಡಿದವಳು ಹುಡುಗಿಯಾಗಿದ್ದಾಗ ನನ್ನ ಜೊತೆ ಟೈಪಿಂಗ್ ಕಲಿತ ಗೆಳತಿ. "ಟಚಿಂಗ್ ಅಕ್ಕ ಹೋಗ್ಬಿಟ್ರು ಕಣೇ" ಎಂದವಳು ನಾನು ಬಾಯಿ ತೆರೆಯುವ ಮೊದಲೇ, "ಆ ಉಪ್ಪಿಟ್ಟಿನ ಮಾತು ಜ್ಞಾಪಕ ಇದೆಯಾ?" ಎಂದು ಕೇಳಿ ನಗಲು ಶುರು ಮಾಡಿದಳು. ನಾನೂ ನಕ್ಕೆ. ಸಾವಿನ ಸುದ್ದಿ ಹೇಳಿಕೊಂಡು ಇಬ್ಬರು ಮುದುಕಿಯರು ಹೀಗೆ ನಗುವುದನ್ನು ಕೇಳಿ ಒಳಗಿನಿಂದ ನನ್ನ ಗಂಡ ಗಾಬರಿಯಾಗಿ ಬಂದರು. ಆಮೇಲೆ ಅವಳು ಅತ್ತಳು. ನನಗೆ ಅಳು ಬಂದದ್ದು ಎರಡು ದಿನ ಬಿಟ್ಟು, ಬೀನ್ಸ್ ಹೆಚ್ಚುತ್ತಿರುವಾಗ.

ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅರಸೀಕೆರೆಯ ಅರ್ಧ ಜನಕ್ಕೆ ಅದು ಗೊತ್ತಿರಲೂ ಇಲ್ಲ. ಬರೆದಿದ್ದರೆ, "ನನ್ನ ಮೇಲೇ ಟಚಿಂಗ್ ಮಾಡ್ತೀಯೇನೇ?" ಎಂದು ಬೈಯುತ್ತಿದ್ದರು. ಬೈಯಲು ಈಗ ಅವರಿಲ್ಲ ಎಂದು ಧೈರ್ಯ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಎಪ್ಪತ್ತರ ದಶಕದ ಮಾತು. ರೈಲ್ವೆ ಸ್ಟೇಷನ್ನಿನ ರಸ್ತೆಯಲ್ಲಿ ಒಂದು ಫೋಟೋ ಸ್ಟುಡಿಯೋ, ಅದರ ಮಹಡಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್. ಎಸ್ಸೆಸ್ಸೆಲ್ಸಿ ಮುಗಿದ ಹೆಣ್ಣುಮಕ್ಕಳನ್ನು, ಗಂಡು ಗೊತ್ತಾಗುವವರೆಗೆ ಏನಾದರೂ ಕಲಿಯಲಿ ಎಂದು ಅಲ್ಲಿಗೆ ಕಳಿಸುತ್ತಿದ್ದರು. ನಾನೂ ಹಾಗೆ ಹೋದವಳು. ಕೆಳಗಿನ ಸ್ಟುಡಿಯೋ ಅಕ್ಕನ ಅಣ್ಣನದು. ಫೋಟೋ ತೆಗೆಯುವುದು, ತೊಳೆಯುವುದು ಅಣ್ಣನ ಕೆಲಸ. ಅಕ್ಕ ಕಿಟಕಿಯ ಪಕ್ಕ ಕೂತು 'ಟಚಿಂಗ್' ಮಾಡುತ್ತಿದ್ದರು.

ಟಚಿಂಗ್ ಏನೆಂದು ಈಗಿನವರಿಗೆ ಹೇಳಬೇಕು. ಮದುವೆಯ ಫೋಟೋ ಎಂದರೆ ಆಗ ಜಾತಕದ ಜೊತೆ ಊರೂರು ತಿರುಗುವ ಫೋಟೋ. ಹಿಂದೆ ಅರಮನೆ ಬರೆದ ಪರದೆ, ಟೀಪಾಯಿಯ ಮೇಲೆ ಪ್ಲಾಸ್ಟಿಕ್ ಹೂವು, ಕುರ್ಚಿಯ ಬೆನ್ನಿಗೆ ಕೈಯಿಟ್ಟು ಉಸಿರು ಬಿಗಿಹಿಡಿದು ನಿಂತ ಹುಡುಗಿ. ಅಂಗೈ ಅಗಲದ ಆ ನೆಗೆಟಿವ್ ಅಕ್ಕನ ಮೇಜಿಗೆ ಬರುತ್ತಿತ್ತು. ಇಳಿಜಾರಾದ ಮರದ ಚೌಕಟ್ಟು, ನಡುವೆ ಮಸುಕು ಗಾಜು, ಕೆಳಗಿನಿಂದ ಬೆಳಕು ಹಿಡಿಯಲು ಒಂದು ಕನ್ನಡಿ. ಸೂಜಿಯಷ್ಟು ಚೂಪಾದ ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ, ಅವರು ಆ ಪುಟ್ಟ ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಸೀಸ ತುಂಬುತ್ತಿದ್ದರು. ನೆಗೆಟಿವ್‌ನಲ್ಲಿ ಎಲ್ಲವೂ ಉಲ್ಟಾ. ಅಲ್ಲಿ ಕಪ್ಪು ತುಂಬಿದ ಜಾಗ ಫೋಟೋದಲ್ಲಿ ಬೆಳ್ಳಗೆ ಬರುತ್ತದೆ. ಮೊಡವೆ ಹೋಗುತ್ತಿತ್ತು, ಸಿಡುಬಿನ ಕಲೆ ಹೋಗುತ್ತಿತ್ತು, ಬಣ್ಣವೂ ತಿಳಿಯಾಗುತ್ತಿತ್ತು. "ಮುಖಕ್ಕೆ ಮಸಿ ಬಳಿದು ಮರ್ಯಾದೆ ಉಳಿಸೋ ಕೆಲಸ ಅಂದ್ರೆ ನಂದೊಂದೇ ಕಣ್ರೇ" ಎಂದು ನಮಗೆ ಹೇಳುತ್ತಿದ್ದರು.

ಹುಡುಗಿಯರ ತಾಯಂದಿರು ಬಂದು, "ಸ್ವಲ್ಪ ಬೆಳ್ಳಗೆ ಬರ್ಲಮ್ಮ" ಎಂದು ಗುಟ್ಟಾಗಿ ಹೇಳಿದರೆ, ಅಕ್ಕ ಗುಟ್ಟಿಲ್ಲದೆ ಗಟ್ಟಿಯಾಗಿ ಕೇಳುತ್ತಿದ್ದರು: "ಯಾವುದು ಬೇಕು ಹೇಳಿ. ಗೋಧಿ, ರವೆ, ಮೈದಾ, ಮೂರು ನಮೂನೆ ಇದೆ." ಒಬ್ಬಾಕೆ ಯೋಚನೆ ಮಾಡಿ, "ರವೆ ಸಾಕು, ಮೈದಾ ಅಂದ್ರೆ ನಂಬಲ್ಲ" ಎಂದರಂತೆ.

ಮುಖಗಳನ್ನು ಅವರು ಕೆಲಸದ ಹೊತ್ತಿನಲ್ಲಿ ಅಳೆಯುತ್ತಿದ್ದರು. ಎದುರು ನಿಂತವರನ್ನು ಒಂದು ಕಣ್ಣು ಮುಚ್ಚಿ ನೋಡಿ, "ಹತ್ತು ನಿಮಿಷದ ಮುಖ", "ಒಂದು ಗಂಟೆ ಮುಖ" ಎನ್ನುತ್ತಿದ್ದರು. "ನಿಮ್ಮದು ಅಕ್ಕ?" ಎಂದು ಕೇಳಿದರೆ, "ನಂದು ಪಂಚವಾರ್ಷಿಕ ಯೋಜನೆ" ಎಂದು ಉತ್ತರ. ತಮ್ಮದೇ ಒಂದು ನೆಗೆಟಿವ್ ಅನ್ನು ಕಿಟಕಿಯ ಗಾಜಿಗೆ ಅಂಟಿಸಿಕೊಂಡಿದ್ದರು. ಬಿಳಿಚಿಕೊಂಡ ಮುಖ, ಬೆಳ್ಳಿಯಂಥ ಕೂದಲು. "ನೋಡ್ರೇ, ದೊರೆಸಾನಿ ಹಾಗಿದೀನಿ. ಇದನ್ನೇ ಕಳಿಸಿದ್ರೆ ಲಂಡನ್ನಿಂದ ಗಂಡು ಬರ್ತಿತ್ತು. ಪ್ರಿಂಟ್ ಹಾಕಿಸಿ ಕೆಟ್ಟೆ" ಎನ್ನುತ್ತಿದ್ದರು.

ಅಕ್ಕ ಕಪ್ಪಗಿದ್ದರು. ಎಣ್ಣೆಗೆಂಪು, ಸಾದಗಪ್ಪು, ಕೃಷ್ಣವರ್ಣ ಎಂದು ನಮ್ಮ ಕಡೆ ಸುತ್ತಿ ಬಳಸಿ ಹೇಳುವ ಪದಗಳು ಬೇಕಾದಷ್ಟಿವೆ. 'ಬಣ್ಣ ಕಮ್ಮಿ, ಆದರೆ ಲಕ್ಷಣವಾಗಿದ್ದಾಳೆ' ಎನ್ನುವುದಂತೂ ನನ್ನ ಬಗ್ಗೆ ನಾನೇ ನೂರು ಸಲ ಕೇಳಿದ ಮಾತು. ಆ 'ಆದರೆ'ಯನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅಕ್ಕನಿಗೆ ಉರಿಯುತ್ತಿರಲಿಲ್ಲ. "ಕಪ್ಪು ಅನ್ನೋಕೆ ಏನು ಕಷ್ಟವೋ, ಎರಡೇ ಅಕ್ಷರ" ಎನ್ನುತ್ತಿದ್ದರು. ಮುಂದಿನ ಹಲ್ಲುಗಳು ತುಟಿಯನ್ನು ದಾಟಿ ಹೊರಗೆ ಬಂದಿದ್ದವು. ಆ ಕಾಲದ ಹೆಂಗಸರು ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಅಕ್ಕ ಪೂರ್ತಿ ಬಾಯಿ ತೆರೆದು ನಗುತ್ತಿದ್ದರು.

ಮದುವೆ ಆಗಿರಲಿಲ್ಲ. ಆಗಲೇ ಮೂವತ್ತೈದರ ಮೇಲಾಗಿತ್ತು. ಗೆಳತಿ ಫೋನಿನಲ್ಲಿ ನೆನಪಿಸಿದ ಉಪ್ಪಿಟ್ಟಿನ ಮಾತು ಇದೇ: "ನನ್ನ ನೋಡೋಕೆ ಬಂದೋರಿಗೆ ಮಾಡಿ ಹಾಕಿದ ಉಪ್ಪಿಟ್ಟೆಲ್ಲ ಒಟ್ಟು ಸೇರಿಸಿದ್ರೆ ಒಂದು ಮದುವೆ ಊಟ ಆಗೋದು. ಮದುವೆ ಒಂದು ಆಗ್ಲಿಲ್ಲ. ಬಂದೋರಲ್ಲಿ ಒಬ್ಬನಾದ್ರೂ ಉಪ್ಪಿಟ್ಟು ಬೇಡ ಅಂದಿದ್ರೆ, ಅವನ ಕಾಲು ಹಿಡಿದಾದ್ರೂ ಆಗ್ತಿದ್ದೆ."

ಈ ಬಾಯಿ ಸ್ಟುಡಿಯೋದಿಂದ ಹೊರಗೆ ಹೋದದ್ದು ಮದುವೆಮನೆಗಳ ಮೂಲಕ. ಬೀಗರನ್ನು ಗೇಲಿ ಮಾಡುವ ಹಾಡು ಹೇಳಲು ಅಕ್ಕನನ್ನು ಕರೆಯುತ್ತಿದ್ದರು. ಹಾಡಿಗಿಂತ ನಡುನಡುವೆ ಅವರು ಸೇರಿಸುವ ಮಾತೇ ಚೆನ್ನಾಗಿದೆ ಎಂದು ಜನಕ್ಕೆ ಗೊತ್ತಾಯಿತು. ಆಮೇಲೆ ಹಾಡು ಬಿಟ್ಟು ಬರೀ ಮಾತಾಯಿತು. ಗಣಪತಿ ಪೆಂಡಾಲು, ಹೆಂಗಸರ ಭಜನಾ ಮಂಡಳಿ, ಸ್ಕೂಲಿನ ವಾರ್ಷಿಕೋತ್ಸವ ಎಂದು ಗಂಡಸಿ, ಕಣಕಟ್ಟೆ, ಬೇಲೂರಿನ ತನಕ ಕರೆ ಬರುತ್ತಿತ್ತು. ಒಂದು ಕೊಡೆ, ಒಂದು ಟವೆಲ್ಲು, ಇಷ್ಟೇ ಸಾಮಾನು. ಕೊಡೆ ಹಿಡಿದರೆ ಗಂಡಿನ ಕಡೆಯವರು, ಟವೆಲ್ಲು ಹೆಗಲಿಗೆ ಹಾಕಿದರೆ ಹೆಣ್ಣಿನ ಅಪ್ಪ, ಎರಡೂ ಕೆಳಗಿಟ್ಟರೆ ಹುಡುಗಿ.

"ನಡಿಯಮ್ಮ ಸ್ವಲ್ಪ, ಕಾಲು ನೋಡೋಣ." ಹುಡುಗಿ ನಡೆಯುತ್ತಾಳೆ. "ಜಡೆ ಬಿಚ್ಚಮ್ಮ, ಚೌರಿಯೋ ಸ್ವಂತದ್ದೋ ನೋಡೋಣ." ಬಿಚ್ಚುತ್ತಾಳೆ. "ಸೂಜಿಗೆ ದಾರ ಪೋಣಿಸಮ್ಮ." ಪೋಣಿಸುತ್ತಾಳೆ. "ಎಲ್ಲಿ, ಹಲ್ಲು ಬಿಡಮ್ಮ." ಅಲ್ಲಿಗೆ ಟವೆಲ್ಲಿನ ಅಪ್ಪ ಎದ್ದು ಕೈ ಮುಗಿಯುತ್ತಾನೆ: "ಸ್ವಾಮಿ, ನೀವು ದಾರಿ ತಪ್ಪಿ ಬಂದಿದೀರಿ. ದನದ ಸಂತೆ ಆ ಕಡೆ."

ಹೆಂಗಸರು ನಕ್ಕು ನಕ್ಕು ಸುಸ್ತಾದ ಮೇಲೆ ಅಕ್ಕ ಮೆಲ್ಲಗೆ ಕೇಳುತ್ತಿದ್ದರು: "ಇಲ್ಲಿ ಎಷ್ಟು ಜನ ಹೀಗೆ ಹಲ್ಲು ಬಿಟ್ಟು ತೋರಿಸಿದೀರಿ? ಕೈ ಎತ್ತಿ." ಬಹುತೇಕ ಎಲ್ಲರ ಕೈಯೂ ಏಳುತ್ತಿತ್ತು. "ತೋರಿಸು ಅಂತ ಕೇಳಿದೋರು ಎಷ್ಟು ಜನ ಇದೀರಿ?" ಒಂದು ಕೈಯೂ ಏಳುತ್ತಿರಲಿಲ್ಲ. "ಹಾಗಾದ್ರೆ ಕೇಳಿದೋರೆಲ್ಲ ಬೇರೆ ಜಿಲ್ಲೆಯೋರು" ಎಂದು ಹೇಳಿ ಕೊಡೆ ಮಡಿಸುತ್ತಿದ್ದರು. ನಗು ಅಲ್ಲಿ ಸ್ವಲ್ಪ ತಡವರಿಸುತ್ತಿತ್ತು. ಅತ್ತೆಯ ಪಕ್ಕ ಕೂತ ಸೊಸೆಯರು ಅತ್ತೆಯ ಮುಖ ನೋಡದೆ ನಗುತ್ತಿದ್ದರು.

ಮೊದಮೊದಲು ತಮ್ಮ ಹಲ್ಲಿನ ಬಗ್ಗೆಯೂ ಒಂದಷ್ಟು ಹೇಳುತ್ತಿದ್ದರು. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ನಗು ಬರುತ್ತಿತ್ತು. ಕಣಕಟ್ಟೆಯಲ್ಲಿ ಒಂದು ಸಲ ಅದನ್ನು ಹೇಳುವಾಗ ಎದುರಿಗೆ ಅಂಥದೇ ಹಲ್ಲಿನ ಹುಡುಗಿ ಕೂತಿದ್ದಳಂತೆ. ಸುತ್ತಲಿನವರು ನಕ್ಕ ಹಾಗೆಲ್ಲ ಅವಳು ತಲೆ ತಗ್ಗಿಸುತ್ತಾ ಹೋಗಿ ಕೊನೆಗೆ ಮುಖವೇ ಕಾಣಲಿಲ್ಲವಂತೆ. ಅವತ್ತಿಗೆ ಅದನ್ನು ಬಿಟ್ಟರು. "ನನ್ನ ಹಲ್ಲು ಅಂತ ನಾನು ಅಂದ್ಕೊಂಡಿದ್ದೆ. ಅದು ಅವಳದೂ ಆಗಿತ್ತು" ಎಂದರು. ಆಮೇಲಿಂದ ಅವರದು ಒಂದೇ ಕಟ್ಟುನಿಟ್ಟು: ನೋಡಲು ಬಂದವರನ್ನು ನೋಡಿ ನಗಬೇಕು, ನೋಡಿಸಿಕೊಂಡವರನ್ನು ನೋಡಿ ನಗಬಾರದು.

ನಾವು ಟೈಪಿಂಗಿನ ಹುಡುಗಿಯರು ಒಮ್ಮೆ ಬಸ್ಸು ಹಿಡಿದು ಬೇಲೂರಿಗೆ ಹೋದಾಗ ಅಕ್ಕನೂ ಬಂದಿದ್ದರು. ದೇವಸ್ಥಾನದ ಸೂರಿನ ಕೆಳಗೆ ಕನ್ನಡಿ ಹಿಡಿದು ನಿಂತ ಆ ಕಲ್ಲಿನ ಹುಡುಗಿಯನ್ನು ಗೈಡ್ ತೋರಿಸಿ, ಸೌಂದರ್ಯ ಅದೂ ಇದೂ ಎಂದು ಹೇಳುತ್ತಿದ್ದ. ಅಕ್ಕ ಒಂದು ಕಣ್ಣು ಮುಚ್ಚಿ ತಲೆ ಎತ್ತಿ ನೋಡಿದರು. "ಎಂಟುನೂರು ವರ್ಷದಿಂದ ಕನ್ನಡಿ ನೋಡ್ಕೋತಿದಾಳೆ, ಪಾಪ, ಇನ್ನೂ ಅನುಮಾನ ಹೋಗಿಲ್ಲ" ಎಂದರು. ಆಮೇಲೆ ಗೈಡನ್ನು ಕೇಳಿದರು: "ಅಲ್ಲಪ್ಪಾ, ಈಕೆ ನನಗಿಂತ ಕಪ್ಪಗಿದಾಳೆ. ಈಕೇನ ನೋಡೋಕೆ ಫಾರಿನ್ನಿಂದ ಬರ್ತಾರೆ. ನನ್ನ ನೋಡೋಕೆ ಗಂಡಸಿಯಿಂದ ಬರೋಕೂ ಯೋಚನೆ ಮಾಡ್ತಾರಲ್ಲ, ಯಾಕೆ?" ಗೈಡ್ ನಕ್ಕು, "ಅವಳು ಮಾತಾಡಲ್ಲ ಅಮ್ಮಾ" ಎಂದ. ಅಕ್ಕನಿಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ, ಅವನಿಗೆ ಕಾಫಿ ಕೊಡಿಸಿದರು.

ಇಷ್ಟನ್ನೆಲ್ಲ ನೋಡಿ ನಕ್ಕವಳು ನಾನು. ನನ್ನ ಸರದಿ ಬಂದಾಗ ನಾನೂ ಎಲ್ಲರ ಹಾಗೇ ಆದೆ.

ಅಮ್ಮ ನನ್ನನ್ನು ಫೋಟೋಕ್ಕೆ ಕರೆದುಕೊಂಡು ಹೋದಳು. ಅರಮನೆಯ ಪರದೆ, ಪ್ಲಾಸ್ಟಿಕ್ ಹೂವು, ಕುರ್ಚಿ ಎಲ್ಲ ಆಯಿತು. ಅಮ್ಮ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ ನಾನು ಒಳಗೆ ಓಡಿ ಬಂದು, "ಅಕ್ಕಾ, ಚೆನ್ನಾಗಿ ಟಚ್ ಮಾಡಿ" ಎಂದೆ. ಅವರು ನನ್ನನ್ನು ಎರಡೂ ಕಣ್ಣು ಬಿಟ್ಟು ನೋಡಿದರು. "ನಿನಗೂ ಬೇಕೇನೇ?" ಎಂದರು. "ಬೇಕು ಅಕ್ಕ." ಗೋಧಿಯೋ ರವೆಯೋ ಎಂದು ಕೇಳಲಿಲ್ಲ. ಹೂಂ ಎಂದು ತಲೆ ಆಡಿಸಿದರು.

ಮೂರು ದಿನದ ಮೇಲೆ ಬಂದ ಫೋಟೋ ಅವರ ಕೈಯಿಂದ ಬಂದ ಅತ್ಯುತ್ತಮ ಕೆಲಸ ಎಂದು ಈಗಲೂ ಹೇಳಬಲ್ಲೆ. ಆ ಹುಡುಗಿ ನನ್ನ ಹಾಗೇ ಇದ್ದಳು, ನನಗಿಂತ ಎಷ್ಟೋ ಚೆನ್ನಾಗಿದ್ದಳು. ಅಮ್ಮ ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ನನಗೂ ಸಂತೋಷವಾಯಿತು. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೂ ಆಗಿದ್ದು ಹಾಗೆ.

ಫೋಟೋ ಬೇಲೂರಿನ ಕಡೆಯ ಒಂದು ಮನೆಗೆ ಹೋಗಿ ಒಪ್ಪಿಗೆಯಾಯಿತು. ಹುಡುಗ ಯಾವುದೋ ಆಫೀಸಿನಲ್ಲಿ ಗುಮಾಸ್ತ. ಒಂದು ಭಾನುವಾರ ಬೆಳಿಗ್ಗೆ ಐದು ಜನ ಬಂದರು. ಮುಂದಾಳು ಹುಡುಗನ ಸೋದರತ್ತೆ, ದಪ್ಪ ಜರಿಯ ಸೀರೆಯ ಗಟ್ಟಿ ಹೆಂಗಸು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದು ಕೂತೆ. ಆಕೆ ನನ್ನನ್ನು ನೋಡಿದರು, ಬ್ಯಾಗಿನಿಂದ ಫೋಟೋ ತೆಗೆದು ಅದನ್ನು ನೋಡಿದರು, ಎದ್ದು ಬಂದು ಫೋಟೋವನ್ನು ನನ್ನ ಕೆನ್ನೆಯ ಪಕ್ಕಕ್ಕೆ ಹಿಡಿದರು.

"ಇವಳಲ್ವಲ್ಲ ಹುಡುಗಿ" ಎಂದರು.

"ಇವಳೇ ತಾಯಿ" ಎಂದರು ಅಪ್ಪ.

"ಇವಳು ದೊಡ್ಡೋಳು. ಫೋಟೋದಾಗಿರೋಳು ಚಿಕ್ಕೋಳು. ದೊಡ್ಡೋಳನ್ನ ದಾಟಿಸೋಕೆ ಚಿಕ್ಕೋಳ ಫೋಟೋ ಕಳಿಸೋದು ನಾವು ಕಾಣದೇ ಇರೋದಾ? ಅವಳನ್ನ ಎಲ್ಲಿ ಬಚ್ಚಿಟ್ಟಿದೀರಿ, ಕರೀರಿ."

ಆಕೆ ಹಾಗೆ ಎಣಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ದೊಡ್ಡ ಮಗಳನ್ನು ನೋಡಲು ಬಂದ ದಿನ ಬೆಳ್ಳಗಿರುವ ಚಿಕ್ಕ ಮಗಳನ್ನು ಪಕ್ಕದ ಮನೆಗೆ ಅಟ್ಟುವುದು ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದದ್ದೇ. "ನನಗಿರೋದು ಒಬ್ಳೇ ಮಗಳು" ಎಂದು ಅಪ್ಪ ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನೋಡಿದರು. ಹಿತ್ತಲಿಗೆ ಹೋಗಿ ಬಚ್ಚಲುಮನೆಯ ಒಳಗೆ ಇಣುಕಿದರು. ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯವರನ್ನು ಕೂಗಿ, "ಇವರ ಚಿಕ್ಕ ಹುಡುಗಿ ನಿಮ್ಮನೇಲವ್ಳಾ?" ಎಂದು ಕೇಳಿದರು. ಅಷ್ಟು ಹೊತ್ತೂ ಹುಡುಗ ತಲೆ ತಗ್ಗಿಸಿ ಉಪ್ಪಿಟ್ಟು ತಿಂದ. ಹೊರಡುವಾಗ ಆಕೆ ಅಪ್ಪನಿಗೆ ಸಮಾಧಾನದ ದನಿಯಲ್ಲೇ ಹೇಳಿದರು: "ನಿಮ್ಮ ಕಷ್ಟ ನಮಗೆ ಅರ್ಥ ಆಗ್ತದೆ. ದೊಡ್ಡೋಳದ್ದು ಆದ ಮೇಲೇ ಕಾಗದ ಹಾಕಿ. ಚಿಕ್ಕೋಳಿಗೆ ನಾವು ಕಾಯ್ತೀವಿ."

ನನ್ನನ್ನು ಬೇಡ ಎಂದದ್ದು ಅಷ್ಟೇನೂ ನೋಯಲಿಲ್ಲ. ಅವಳಿಗಾಗಿ ಕಾಯುತ್ತೇವೆ ಎಂದರಲ್ಲ, ಅದು ನೋಯಿತು.

ಮಾರನೆಯ ದಿನ ಟೈಪಿಂಗಿಗೆ ಹೋಗದೆ ನೇರ ಅಕ್ಕನ ಮುಂದೆ ಕೂತು ಎಲ್ಲ ಹೇಳಿದೆ. ಅವರು ಪೆನ್ಸಿಲ್ ಕೆಳಗಿಟ್ಟರು. ಬಚ್ಚಲುಮನೆಗೆ ಇಣುಕಿದ್ದು ಹೇಳುವಾಗ ಅವರ ತುಟಿಯ ಅಂಚು ಕದಲಿತು. ನನಗೆ ಎಲ್ಲಿತ್ತೋ ಸಿಟ್ಟು.

"ನಿಮಗೆ ನಗು ಬರುತ್ತಾ?"

"ಬಂತು ಕಣೇ. ಸುಳ್ಳು ಹೇಳಲ್ಲ. ನಿನ್ನ ನೋಡಿ ಅಲ್ಲ. ಇಲ್ಲದೇ ಇರೋ ಹುಡುಗೀನ ಹುಡುಕಿದ ಆ ಹೆಂಗಸನ್ನ ನೆನೆಸಿಕೊಂಡು. ಆ ಹುಡುಗೀನ ಹುಟ್ಟಿಸಿದ ನನ್ನ ನೆನೆಸಿಕೊಂಡು." ಆಮೇಲೆ ಕೇಳಿದರು: "ಇದನ್ನ ಜನರ ಮುಂದೆ ಹೇಳ್ಲೇನೇ? ನಿನ್ನ ಹೆಸ್ರು, ಊರು, ಏನೂ ಬರಲ್ಲ. ಫೋಟೋ ಮಾಡಿದ್ದು ನಾನು ಅಂತಲೂ ಹೇಳ್ತೀನಿ. ಇದೊಂದು ಹೇಳಿದ್ರೆ ಆ ಕೊಡೆ, ಟವೆಲ್ಲು ಏನೂ ಬೇಡ."

"ಹೇಳಿದ್ರೆ ನಿಮ್ಮ ಮುಖ ನೋಡಲ್ಲ" ಎಂದೆ.

"ಸರಿ. ನೀನಾಗಿ ಹೇಳು ಅನ್ನೋ ತನಕ ನನ್ನ ಬಾಯಿಂದ ಬರಲ್ಲ."

ಅವತ್ತಿನಿಂದ ಅಕ್ಕ ಮುಖದ ಬಣ್ಣ ತಿಳಿ ಮಾಡುವುದನ್ನು ನಿಲ್ಲಿಸಿದರು. ನೆಗೆಟಿವ್ ಮೇಲೆ ಕೂತ ಧೂಳಿನ ಚುಕ್ಕೆ, ಗೀರು, ಇಷ್ಟನ್ನು ಮಾತ್ರ ಸರಿಮಾಡುತ್ತೇನೆ ಎಂದು ಅಣ್ಣನಿಗೆ ಹೇಳಿದರು. ಅಣ್ಣ ಕೂಗಾಡಿದ್ದು ಮಹಡಿಯ ಮೇಲಿದ್ದ ನಮಗೂ ಕೇಳಿಸಿತು.

ಮುಂದಿನ ದಸರೆಗೆ ಬೇಲೂರಿನ ಹೆಂಗಸರ ಭಜನಾ ಮಂಡಳಿಯೊಂದು ಅಕ್ಕನನ್ನು ಕರೆಸಿತು. ಒಂದು ಛತ್ರದಲ್ಲಿ ಗೊಂಬೆ ಕೂರಿಸಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಹಾಲ್ ತುಂಬಿತ್ತು. ನಾವು ನಾಲ್ಕು ಹುಡುಗಿಯರು ಜೊತೆಗೆ ಹೋಗಿದ್ದೆವು. ನಾನು ಮೂರನೆಯ ಸಾಲಿನಲ್ಲಿ ಕಂಬದ ಪಕ್ಕ ಕೂತೆ. ಕೂತ ಮೇಲೆ ನೋಡುತ್ತೇನೆ, ಮೊದಲ ಸಾಲಿನಲ್ಲಿ ಆ ಸೋದರತ್ತೆ. ಎದ್ದು ಹೋಗಿ ಅಕ್ಕನಿಗೆ ಹೇಳಬೇಕು ಎನ್ನುವಷ್ಟರಲ್ಲಿ ಅಕ್ಕ ಕೊಡೆ ಬಿಚ್ಚಿ ನಿಂತಾಗಿತ್ತು.

ಅವತ್ತಿನ ನಗು ಜೋರಾಗಿತ್ತು. ಸೋದರತ್ತೆಯೂ ಮೊದಲು ನಕ್ಕರು. ಕೊನೆಯಲ್ಲಿ ಅಕ್ಕ ಎಂದಿನಂತೆ ಕೇಳಿದರು: "ತೋರಿಸು ಅಂತ ಕೇಳಿದೋರು ಎಷ್ಟು ಜನ ಇದೀರಿ?" ಅಷ್ಟು ವರ್ಷಗಳಲ್ಲಿ ಮೊದಲ ಸಲ ಒಂದು ಕೈ ಮೇಲೆದ್ದಿತು.

"ನಾನು ಕೇಳೀನಿ" ಎಂದು ಸೋದರತ್ತೆ ಎದ್ದು ನಿಂತರು. "ಇನ್ನೂ ಕೇಳ್ತೀನಿ. ಯಾಕೆ ಅಂತ ಹೇಳ್ಲಾ? ನೀವು ಅರಸೀಕೆರೆ ಸ್ಟುಡಿಯೋದೋರು ತಾನೆ? ನಿಮ್ಮ ಸೀಲಿರೋ ಫೋಟೋ ನೋಡ್ಕೊಂಡೇ ನಾವು ಐದು ಜನ ಬಸ್ಸು ಹತ್ತಿ ನಿಮ್ಮೂರಿಗೆ ಬಂದ್ವಿ. ಚಿಕ್ಕೋಳ ಫೋಟೋ ಕಳಿಸಿ ದೊಡ್ಡೋಳನ್ನ ತಂದು ಕೂರಿಸಿದ್ರು. ಇಂಥ ಮೋಸ ನಡೀವಾಗ ಹಲ್ಲು ನೋಡಿದ್ರೆ ತಪ್ಪೇನ್ರಿ?"

ಎಲ್ಲರೂ ಅಕ್ಕನ ಕಡೆ ತಿರುಗಿದರು.

ಉತ್ತರ ಅಕ್ಕನ ನಾಲಿಗೆಯ ಮೇಲೇ ಇತ್ತು. ಆ ಚಿಕ್ಕವಳು ಹುಟ್ಟೇ ಇಲ್ಲ ತಾಯಿ, ಅವಳನ್ನು ಹುಡುಕಿ ಬಚ್ಚಲುಮನೆಗೆ ಇಣುಕಿದವರು ನೀವು ಎಂದಿದ್ದರೆ ಸಾಕಿತ್ತು, ಇಡೀ ಛತ್ರ ಬಿದ್ದು ಬಿದ್ದು ನಗುತ್ತಿತ್ತು. ಅವರಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ಅವರಿಗೆ ಬೇಕಾದದ್ದು ನನ್ನ ಅಪ್ಪಣೆ ಒಂದೇ. ನಾನು ಎದ್ದು ನಿಂತು, ಆ ಚಿಕ್ಕವಳು ನಾನೇ ಎಂದಿದ್ದರೂ ಆಗುತ್ತಿತ್ತು. ಎರಡು ಮಾತು. ನಾನು ಮೊಣಕಾಲು ಅಪ್ಪಿಕೊಂಡು ಕಂಬದ ಮರೆಗೆ ಇನ್ನಷ್ಟು ಸರಿದೆ.

ಅಕ್ಕ ಗೊಂಬೆಗಳ ಕಡೆ ನೋಡಿದರು, ಸೂರಿನ ಕಡೆ ನೋಡಿದರು, ಸೋದರತ್ತೆಯನ್ನು ನೋಡಿದರು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡೆ. ಹಿಂದಿನಿಂದ ಯಾರೋ, "ಏನಮ್ಮಾ, ಮಾತೇ ನಿಂತೋಯ್ತಾ?" ಎಂದರು. ಕೆಲವರು ನಕ್ಕರು, ಆ ಸಲ ಅಕ್ಕನನ್ನು ನೋಡಿ. ಅಕ್ಕ ಕೊಡೆ ಮಡಿಸಿ ಕೈ ಮುಗಿದರು. "ಫೋಟೋ ನಾನೇ ಮಾಡಿದ್ದು ತಾಯಿ. ತಪ್ಪು ನಂದು" ಎಂದು ಹೇಳಿ ಕೂತುಬಿಟ್ಟರು. ಮಂಡಳಿಯವರು ಗಡಿಬಿಡಿಯಲ್ಲಿ ಭಜನೆ ಶುರು ಮಾಡಿದರು.

ಬೇಲೂರಿನಿಂದ ಅವರಿಗೆ ಮತ್ತೆ ಕರೆ ಬರಲಿಲ್ಲ. ಮೋಸದ ಫೋಟೋದ ಸ್ಟುಡಿಯೋ ಎಂಬ ಮಾತು ಬಸ್ಸು ಹತ್ತಿ ಅರಸೀಕೆರೆಗೂ ಬಂತು. ಮದುವೆಯ ಫೋಟೋದವರು ಬಸ್ ಸ್ಟ್ಯಾಂಡಿನ ಪಕ್ಕದ ಇನ್ನೊಂದು ಸ್ಟುಡಿಯೋಗೆ ಹೋಗತೊಡಗಿದರು. ಬಿಳಿ ಮಾಡುವುದನ್ನು ಬಿಟ್ಟ ಮೇಲೆ ಮೋಸಗಾತಿ ಎನಿಸಿಕೊಂಡರು ಅಕ್ಕ. ಅಣ್ಣ ಆರು ತಿಂಗಳು ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಇದೆಲ್ಲ ನನ್ನ ಕಣ್ಣೆದುರಿಗೇ ಆಯಿತು. ನಾನು ಮೆಟ್ಟಿಲು ಹತ್ತುವಾಗ ಅವರು, "ಬಾರೇ, ಕಾಫಿ ಕುಡಿದು ಹೋಗು" ಎಂದು ಎಂದಿನ ಹಾಗೇ ಕರೆಯುತ್ತಿದ್ದರು. ನಾನು ಕಾಫಿ ಕುಡಿಯುತ್ತಿದ್ದೆ, ಬೇಲೂರಿನ ಮಾತು ಮಾತ್ರ ಎತ್ತುತ್ತಿರಲಿಲ್ಲ.

ನನಗೆ ಹಳೇಬೀಡಿನ ಸ್ಕೂಲಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಅದೇ ಸ್ಕೂಲಿನ ಮೇಷ್ಟರೊಬ್ಬರು ಎರಡು ವರ್ಷ ದಿನವೂ ನನ್ನನ್ನು ನೋಡಿ, ಆಮೇಲೆ ಅಪ್ಪನನ್ನು ಬಂದು ಕೇಳಿದರು. ಫೋಟೋ ಬೇಕಾಗಲಿಲ್ಲ. ಅಕ್ಕ ಮದುವೆಗೆ ಬಂದು ನನ್ನ ಅತ್ತೆಯನ್ನು ಬೀಗರ ಹಾಡಿನಲ್ಲಿ ಹಿಗ್ಗಾಮುಗ್ಗಾ ಎಳೆದಾಡಿದರು. ಅತ್ತೆ ತಾವು ಹೋಗುವ ತನಕವೂ ಅದನ್ನು ಹೇಳಿಕೊಂಡು ನಗುತ್ತಿದ್ದರು.

ಎಂಬತ್ತರ ದಶಕದ ನಡುವಿನಲ್ಲಿ ಕಲರ್ ಫೋಟೋ ಬಂತು. ನೆಗೆಟಿವ್ ಹೆಬ್ಬೆರಳಿನಷ್ಟಾಯಿತು, ಪೆನ್ಸಿಲ್ಲಿಗೆ ಅಲ್ಲಿ ಜಾಗವೇ ಇರಲಿಲ್ಲ. ಕೆಲಸ ನಿಂತ ವರ್ಷ ಅಕ್ಕ ನಾಲ್ಕು ದಿನಕ್ಕೆಂದು ಹಳೇಬೀಡಿಗೆ ನಮ್ಮ ಮನೆಗೆ ಬಂದರು. ಒಂದು ಮಧ್ಯಾಹ್ನ ಬಸದಿಗೆ ಕರೆದುಕೊಂಡು ಹೋದೆ. ಅಲ್ಲಿನ ಕಂಬಗಳನ್ನು ಕನ್ನಡಿಯ ಹಾಗೆ ಉಜ್ಜಿ ಹೊಳಪು ಮಾಡಿದ್ದಾರೆ. ಎದುರು ನಿಂತರೆ ಮುಖ ಕಾಣುತ್ತದೆ, ಆದರೆ ಕಂಬದ ಉಬ್ಬು ತಗ್ಗಿಗೆ ಸಿಕ್ಕಿ ಒಂದು ಕಡೆ ಉದ್ದಕ್ಕೆ ಹಿಗ್ಗಿ, ಇನ್ನೊಂದು ಕಡೆ ಅಪ್ಪಚ್ಚಿಯಾಗಿ. ಅಕ್ಕ ಅದರ ಎದುರು ಹಿಂದೆ ಮುಂದೆ ನಡೆದು ತಮ್ಮನ್ನು ನೋಡಿಕೊಂಡರು, ಆಮೇಲೆ ನನ್ನನ್ನು ಎಳೆದು ನಿಲ್ಲಿಸಿದರು. "ನೋಡೇ, ಇಲ್ಲಿ ಅಪ್ಸರೆ ಬಂದು ನಿಂತರೂ ಇದೇ ಗತಿ. ಬಹಳ ನ್ಯಾಯವಾದ ಕಂಬ" ಎಂದರು.

ಹೊರಗೆ ಬಂದು ಮೆಟ್ಟಿಲಿನ ಮೇಲೆ ಕೂತೆವು. ಬೇರೆ ಯಾರೂ ಇರಲಿಲ್ಲ. ಅಷ್ಟು ವರ್ಷ ತಡೆದುಕೊಂಡದ್ದು ಅವತ್ತು ಯಾಕೆ ತಡೆಯಲಾಗಲಿಲ್ಲವೋ ಗೊತ್ತಿಲ್ಲ. "ಅಕ್ಕಾ, ಆ ಕತೆ ಈಗ ಹೇಳಿ. ಎಲ್ಲಿ ಬೇಕಾದ್ರೂ ಹೇಳಿ" ಎಂದೆ.

ಯಾವ ಕತೆ ಎಂದು ಅವರು ಕೇಳಲಿಲ್ಲ. "ನಾನೇನು ಹೇಳ್ಲಿ? ನೋಡಿಸಿಕೊಂಡೋಳು ನೀನು. ನೀನೇ ಹೇಳು, ಕೇಳೋಣ" ಎಂದರು.

ಹೇಳಿದೆ. ಎದ್ದು ನಿಂತು ಹೇಳಿದೆ. ಸೋದರತ್ತೆಯ ಹಾಗೆ ಕೆನ್ನೆಯ ಪಕ್ಕ ಕೈ ಹಿಡಿದು ತೋರಿಸಿದೆ, ಬಸದಿಯ ಬಾಗಿಲ ಹಿಂದೆ ಇಣುಕಿದೆ, ಕಾಣದ ಕಾಂಪೌಂಡಿನ ಮೇಲಿಂದ ಕೂಗಿದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರನ್ನು ನಗಿಸಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಕಣ್ಣೊರೆಸಿಕೊಳ್ಳುತ್ತಾ ಕೇಳಿದರು:

"ಆ ಚಿಕ್ಕೋಳಿಗೆ ಎಲ್ಲಾದ್ರೂ ಗಂಡು ಗೊತ್ತಾಯ್ತೇನೇ?"

"ಎಲ್ಲಿ ಅಕ್ಕ. ಬಣ್ಣ ಜಾಸ್ತಿ ಅಂತ ಬಂದೋರೆಲ್ಲ ಬಿಟ್ಟು ಹೋಗ್ತಿದಾರೆ."

ಇಬ್ಬರೂ ಮತ್ತೆ ನಕ್ಕೆವು. ನಾನು ಅವರ ಪಕ್ಕದಲ್ಲಿ ಕೂತೆ. "ಅವತ್ತು ಬೇಲೂರಲ್ಲಿ ನಾನು ಎದ್ದು ನಿಲ್ಲಬೇಕಿತ್ತು ಅಕ್ಕ. ನಿಮ್ಮ ಬಾಯಿ ಕಟ್ಟಿ ಕೂರಿಸಿಬಿಟ್ಟೆ" ಎಂದೆ.

ಅಕ್ಕ ನನ್ನ ಕಡೆ ತಿರುಗಿ ಕೂತರು.

"ನೀನು ಮೂರನೇ ಸಾಲಲ್ಲಿ, ಕಂಬದ ಪಕ್ಕ ಕೂತಿದ್ದೆ" ಎಂದರು. "ನಾನು ಆ ಕಡೆ ಒಂದು ಸಲ ತಿರುಗಿದ್ರೂ ಸಾಕಿತ್ತು, ಆ ಹೆಂಗಸು ತಿರುಗಿ ನೋಡಿ ನಿನ್ನ ಗುರುತು ಹಿಡೀತಿದ್ಳು. ಬಾಯಿ ಮುಚ್ಕೊಂಡಿರೋದು ಏನೂ ಕಷ್ಟ ಆಗ್ಲಿಲ್ಲ ಕಣೇ. ನಿನ್ನ ಕಡೆ ನೋಡದೇ ಇರೋದೇ ಕಷ್ಟ ಆಗಿದ್ದು."